ದೊರೆಮಾಮ ಉಳಿಸಿಟ್ಟ ಬೀದಿ

ಅವ್ವನಿಗೆ ತವರುಮನೆ ನೋಡಬೇಕು ಅನ್ನಿಸಿದ್ದು ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ. ಒಳಗೆ ಡಾಕ್ಟರು ಸುತ್ತಿಬಳಸದೆ ನನಗೆ ಹೇಳಿಬಿಟ್ಟಿದ್ದರು: ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಉಳಿದದ್ದೂ ಬಹಳ ದಿನ ಇರುವ ಹಾಗೆ ಕಾಣುವುದಿಲ್ಲ, ಹನಿ ಹಾಕುತ್ತಿರಿ. ನಾನು ಹೊರಗೆ ಬಂದು ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದರೆ, ಅವ್ವ ಸೊಂಟದಿಂದ ಎಲೆಯಡಿಕೆ ಚೀಲ ಬಿಚ್ಚುತ್ತ, "ಅಳೋ ಅಂಥದ್ದು ಏನಾಯ್ತು ಈಗ? ನೋಡಬೇಕಾದ್ದೆಲ್ಲ ನೋಡಾಯ್ತು. ಒಂದ್ ಸಲ ನಮ್ಮಪ್ಪನ ಮನೆ ನೋಡ್ಬುಟ್ರೆ ಆಯ್ತು. ಆಮೇಲೆ ಕಣ್ಣು ಇದ್ರೇನು, ಹೋದ್ರೇನು" ಎಂದಳು.

ನನಗೆ ಅಳು ನಿಂತು ಸಿಟ್ಟು ಬಂತು. ಇಲ್ಲದ ಮನೆಯನ್ನು ಎಲ್ಲಿಂದ ತಂದು ತೋರಿಸಲಿ? ಅಲ್ಲಿ ಒಬ್ಬನೇ ಉಳಿದಿದ್ದ ಅವ್ವನ ತಮ್ಮ ದೊರೆಸ್ವಾಮಿ, ನಮ್ಮ ದೊರೆಮಾಮ, ತೀರಿಕೊಂಡ ಮೇಲೆ ಬಂದ ಮೊದಲ ಮೂಡಗಾಳಿಗೇ ಆ ಮನೆ ಹೊರಟುಹೋಗಿತ್ತು.

ನಮ್ಮೂರು ಹಾಗೆಯೇ. ಮೂಡಗಾಳಿ ಬೀಸಿದ ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಬೇರೆ ಮನೆ, ಪಕ್ಕದಲ್ಲಿ ಬೇರೆ ಮನೆ. ನಿನ್ನೆವರೆಗೆ ಕೆರೆ ಏರಿಯ ಪಕ್ಕ ಇದ್ದವರು ಇವತ್ತು ಸಂತೆಮಾಳದ ಬಾಯಲ್ಲಿ ರಂಗೋಲಿ ಹಾಕುತ್ತಿರುತ್ತಾರೆ. ಮನೆಯೊಳಗೆ ಒಂದು ಲೋಟ ಕೂಡ ಅಲುಗಿರುವುದಿಲ್ಲ. ಹೂವಿನ ನಾಗಲಕ್ಷ್ಮಿ ಬೀದಿ ನೋಡಿಕೊಂಡು ಮಾರುವುದನ್ನು ಎಂದೋ ಬಿಟ್ಟಿದ್ದಾಳೆ. ಮನೆಯವರ ಹೆಸರು ಹಿಡಿದು ಕೂಗುತ್ತ ಊರೆಲ್ಲ ತಿರುಗುತ್ತಾಳೆ, ಓಗೊಟ್ಟ ಬಾಗಿಲಿಗೆ ಮೊಳ ಅಳೆದು ಕೊಡುತ್ತಾಳೆ. ಮದುವೆ ಕರೆಯೋಲೆಯಲ್ಲಿ 'ವಧುವಿನ ಗೃಹ, ಸಿಕ್ಕಲ್ಲಿ' ಎಂದು ಅಚ್ಚು ಹಾಕಿಸುತ್ತಾರೆ. ನೆರೆಮನೆಯವರೊಡನೆ ಜಗಳವಾದರೆ ನಮ್ಮಲ್ಲಿ ಯಾರೂ ಪಂಚಾಯ್ತಿ ಸೇರಿಸುವುದಿಲ್ಲ, ಗಾಳಿ ಬರಲಿ ಬಿಡು ಎನ್ನುತ್ತಾರೆ. ಹೊರಗಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ನಮಗೋ, ಮನೆಗಳು ನಿಂತಲ್ಲೇ ನಿಂತಿರುವ ಊರುಗಳಲ್ಲಿ ಜನ ಅದೇ ಎದುರುಮನೆಯ ಮುಖ ನೋಡಿಕೊಂಡು ಜೀವಮಾನವಿಡೀ ಹೇಗೆ ಇರುತ್ತಾರೋ ಎನ್ನಿಸುತ್ತದೆ.

ಮನೆಯಲ್ಲಿ ಕೊನೆಗೆ ಉಳಿದವರು ಸತ್ತರೆ ಮಾತ್ರ, ಮುಂದಿನ ಗಾಳಿಗೆ ಎದ್ದ ಆ ಮನೆ ಮತ್ತೆಲ್ಲೂ ಇಳಿಯುವುದಿಲ್ಲ. ಅದಕ್ಕೇ ಹನ್ನೊಂದರ ಕಾರ್ಯ ಮುಗಿಯುತ್ತಲೂ ಪಾತ್ರೆಪಡಗ ಹೊರಗೆ ಸಾಗಿಸಿಬಿಡುತ್ತೇವೆ. ಒಂದು ಫೋಟೋ ತೆಗೆದಿಟ್ಟುಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ನಮ್ಮಲ್ಲಿ ಮನೆಯ ಫೋಟೋ ತೆಗೆಯುವುದಿಲ್ಲ. ತೆಗೆದರೆ ಮನೆಗೆ ದೃಷ್ಟಿಯಾಗಿ ಊರಾಚೆ ಹೋಗಿ ಕೂರುತ್ತದಂತೆ. ಮದುವೆ ಫೋಟೋದವನು ಕೂಡ ಹಿಂದೆ ಒಂದು ಪರದೆ ಕಟ್ಟಿಯೇ ಕ್ಯಾಮೆರಾ ಎತ್ತುವುದು. ಹಾಗಾಗಿ ಅವ್ವನ ತವರುಮನೆ ಎನ್ನುವುದು ಈಗ ಅವ್ವನ ತಲೆಯಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ.

ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ನನಗೆ ಆ ಆಟ ನೆನಪಾಯಿತು.

ದೊರೆಮಾಮ ರೇಡಿಯೋ ರಿಪೇರಿ ಮಾಡುತ್ತಿದ್ದ. ಮದುವೆಯಾಗಲಿಲ್ಲ, ಯಾಕೋ ಎಂದು ಕೇಳಿದರೆ, "ಸೊಲ್ಡರ್ ಹೊಗೆ ಕುಡಿಯೋಕೆ ಇನ್ನೊಬ್ರನ್ನ ಯಾಕೆ ಕರ್ಕೊಂಡ್ ಬರೋದು" ಎನ್ನುತ್ತಿದ್ದ. ಯಾವುದೋ ಆಫೀಸಿನಲ್ಲಿ ಎಸೆದ ಭಾಗಗಳನ್ನು ಹೊತ್ತು ತಂದು ಊರಿನ ಮೊದಲ ಕಂಪ್ಯೂಟರನ್ನು ಅವನೇ ಜೋಡಿಸಿದ್ದ. ನಾನಾಗ ಐದನೇ ಕ್ಲಾಸು. ಪ್ರತಿ ಗಾಳಿಗೂ ಎದುರುಮನೆಯ ಗೆಳತಿ ದೂರ ಹೋದಳೆಂದು ಹಟ ಹಿಡಿದು ಅಳುತ್ತಿದ್ದೆ. ಅದನ್ನು ನೋಡಲಾರದೆ ಅವನು ನನಗೊಂದು ಆಟ ಮಾಡಿಕೊಟ್ಟ. ಅದರ ಹೆಸರು 'ಮನೆ'. ಕಪ್ಪು ಪರದೆಯ ಮೇಲೆ ಒಂದು ಬೀದಿ. ಬೀದಿಯಲ್ಲಿ ನಮ್ಮ ಮನೆ. ಎರಡು ಜಡೆಯ ಒಂದು ಹುಡುಗಿ, ಅಂದರೆ ನಾನು, ನಡೆದುಕೊಂಡು ಹೋಗಿ ಬಾಗಿಲು ತಟ್ಟಿದರೆ ಆ ಮನೆಯವರು ಹೊರಗೆ ಬಂದು ಏನಾದರೂ ಒಂದು ಮಾತಾಡುತ್ತಿದ್ದರು. ಸಂಜೆ ಸಂಜೆ ಮಾಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಊರಿನ ಮನೆಗಳನ್ನು ಒಂದೊಂದಾಗಿ ಬರೆದು ಆ ಬೀದಿಯಲ್ಲಿ ಕೂರಿಸುತ್ತಿದ್ದ. ಯಾರ ಮನೆಯ ಹಂಚು ಒಡೆದಿದೆ, ಯಾರ ಮನೆಯ ತುಳಸಿಕಟ್ಟೆ ಓರೆಯಾಗಿದೆ, ಒಂದನ್ನೂ ಬಿಡುತ್ತಿರಲಿಲ್ಲ. ಫೋಟೋ ತೆಗೆದರೆ ತಾನೇ ದೋಷ, ಚುಕ್ಕಿ ಇಟ್ಟು ಬರೆದರೆ ಯಾವ ದೋಷ ಎನ್ನುತ್ತಿದ್ದ. ಅವನ ತೊಡೆಗೆ ಒರಗಿಕೊಂಡು ಆ ಬೀದಿಯಲ್ಲಿ ಓಡಾಡಿದ ಸಂಜೆಗಳಿವೆಯಲ್ಲ, ಆಮೇಲೆ ನಾನು ಎಷ್ಟೋ ಊರು ನೋಡಿದೆ, ಅಷ್ಟು ಸುಖವಾಗಿ ಎಲ್ಲೂ ನಡೆದಾಡಲಿಲ್ಲ.

ಆ ಬೀದಿಯಲ್ಲಿ ಅವ್ವನ ತವರುಮನೆಯೂ ಇತ್ತು. ಅದು ನನಗೆ ಚೆನ್ನಾಗಿ ನೆನಪಿದೆ.

ಮಾಮನ ಕಂಪ್ಯೂಟರು ನಮ್ಮ ಅಟ್ಟದ ಮೇಲೆ ಗೋಣಿಚೀಲ ಹೊದ್ದು ಕೂತಿತ್ತು. ಅದನ್ನು ಇಳಿಸಿ ಶಾಂತರಾಜುವಿನ ಅಂಗಡಿಗೆ ಹೊತ್ತುಕೊಂಡು ಹೋದೆ. ಶಾಂತರಾಜು ಊರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಅವನ ಅಂಗಡಿಯ ಬೋರ್ಡಿನ ಮೇಲೆ 'ಇಲ್ಲೇ ಇದ್ದೇವೆ' ಎಂದು ಬರೆದಿದೆ, ಅಂಗಡಿ ಎಲ್ಲಿದ್ದರೂ. ಅವನು ಡಬ್ಬಿ ಬಿಚ್ಚಿ, ಒಳಗಿನ ಜೇಡರಬಲೆ ಊದಿ, ಡಿಸ್ಕಿಗೆ ವೈರು ಚುಚ್ಚಿ ಕಿವಿಯಿಟ್ಟು ಕೇಳಿದ. ಕಟಕಟ ಎಂದಿತು.

"ಅಕ್ಕಾ, ಇದು ಇನ್ನೇನು ಹೋಗೋ ಜೀವ. ಏನು ಬೇಕೋ ಬೇಗ ಹೇಳಿ, ತೆಕ್ಕೊಂಡ್ಬಿಡಾಣ."

"ಮನೆ ಅಂತ ಒಂದು ಆಟ ಇದೆ. ಅದು ಬೇಕು."

ಆಟವನ್ನು ತೆಗೆದು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ. ಹಳೆಯ ಆಟ ಹೊಸ ಯಂತ್ರದಲ್ಲಿ ಓಡಲು ಇನ್ನೇನೋ ಒಂದನ್ನೂ ಸೇರಿಸಿದ. ಮನೆಗೆ ಬಂದು ತೆರೆದರೆ ಅದೇ ಕಪ್ಪು ಪರದೆ, ಮಾಮನೇ ಕೂಡಿಸಿದ ಗುಂಡುಗುಂಡು ಅಕ್ಷರ. ಹೊಸ ಆಟ, ಹಿಂದಿನ ಆಟ, ಸಾಕು ಎಂಬ ಮೂರು ಗುಂಡಿ. ಅವ್ವ ಮೂಗು ತಾಗುವಷ್ಟು ಹತ್ತಿರ ಬಂದು ಕೂತಳು. 'ಹೊಸ ಆಟ' ಒತ್ತಿದೆ. ಖಾಲಿ ಬೀದಿಯ ನಡುವೆ ನಮ್ಮ ಮನೆಯೊಂದೇ ಬಂದು ನಿಂತಿತು.

ಅವ್ವ ಸ್ವಲ್ಪ ಹೊತ್ತು ನೋಡಿದಳು. "ಇದು ನಮ್ಮನೆ ಅಲ್ವೇನೆ? ನಮ್ಮನೇಲಿ ಕೂತ್ಕಂಡು ನಮ್ಮನೆ ಏನ್ ನೋಡೋದು?"

'ಹಿಂದಿನ ಆಟ' ಒತ್ತಿದೆ. 'ಏನೂ ಇಲ್ಲ' ಎಂದಿತು. ಮತ್ತೆ ಒತ್ತಿದೆ. ಮತ್ತೆ ಏನೂ ಇಲ್ಲ. ಆಗ ತಿಳಿಯಿತು, ಮಾಮ ಕೂರಿಸಿದ ಮನೆಗಳೆಲ್ಲ ಇರುವುದು ಅವನು ಆಡಿ ಉಳಿಸಿಟ್ಟ ಆಟದೊಳಗೆ. ಅದನ್ನು ಎಲ್ಲಿ ಇಟ್ಟಿದ್ದಾನೋ ಅದು ಸಿಕ್ಕರೆ ತವರುಮನೆ. ಇಲ್ಲದಿದ್ದರೆ ಇಲ್ಲ.

ನಮ್ಮೂರಿನವರಿಗೆ ಹುಡುಕುವುದನ್ನು ಯಾರೂ ಕಲಿಸಬೇಕಾಗಿಲ್ಲ, ಹುಟ್ಟುಗುಣ ಅದು. ಹುಡುಕುವುದಕ್ಕೂ ನಮ್ಮದೇ ಒಂದು ಪದ್ಧತಿ ಇದೆ. ನಿನ್ನೆ ಇದ್ದ ಕಡೆ ಇವತ್ತು ಹುಡುಕುವವನಷ್ಟು ದಡ್ಡ ಇನ್ನೊಬ್ಬನಿಲ್ಲ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. 'ಬಿಟ್ಟ ಕಡೆ ಹುಡುಕೋನು ಬೆಪ್ಪು' ಎಂದು ಗಾದೆಯೇ ಇದೆ. ಅದರಂತೆ ಶಾಂತರಾಜುವೂ ನಾನೂ ಆಟ ಇದ್ದ ಜಾಗ ಒಂದನ್ನು ಬಿಟ್ಟು ಡಿಸ್ಕೆಲ್ಲ ಜಾಲಾಡಿದೆವು. ರೇಡಿಯೋಗಳ ಒಳಗಿನ ನಕ್ಷೆಗಳು ಸಿಕ್ಕಿದವು. 'ಬಹಳ ಮುಖ್ಯ' ಎಂದು ಹೆಸರಿಟ್ಟಿದ್ದ ಒಂದು ಫೋಲ್ಡರ್ ಸಿಕ್ಕಿ ಇಬ್ಬರೂ ಎದ್ದು ಕೂತೆವು. ಅದರೊಳಗೆ ಅವನ ಬೆಕ್ಕು ರೇಡಿಯೋ ಮೇಲೆ ಮಲಗಿರುವ ಚಿತ್ರ ಇತ್ತು. ಇನ್ನೊಂದು ಮೂಲೆಯಲ್ಲಿ ಅವನ ದನಿ ಸಿಕ್ಕಿತು: "ಬೊಗ್ಗೀ, ಬಾರೇ, ಹಾಲು" ಎಂದು ಬೆಕ್ಕನ್ನು ಕರೆಯುತ್ತಾನೆ, ಅಷ್ಟೇ. ಅದನ್ನು ತಂದು ಅವ್ವನಿಗೆ ಕೇಳಿಸಿದೆ. ಅವ್ವ ಇನ್ನೊಂದು ಸಲ ಹಾಕು ಎಂದಳು. ಹಾಕಿದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದು, "ದನಿ ನನ್ ಕಿವಿಯಾಗೇ ಐತೆ ಬುಡು. ಮನೆ ತೋರ್ಸು" ಎಂದಳು.

ಶಾಂತರಾಜು ಕೈಚೆಲ್ಲಿದ. "ಡಿಸ್ಕು ಇನ್ನೊಂದು ಸಲ ಎದ್ದರೆ ದೊಡ್ಡದು ಅಕ್ಕಾ. ನಿಮ್ಮ ಮಾಮ ಎಲ್ಲಿ ಬಚ್ಚಿಟ್ಟವ್ರೋ ಅವರಿಗೇ ಗೊತ್ತು. ಇದನ್ನ ಇಲ್ಲೇ ಇಟ್ಟಿರಿ, ಯೋಚನೆ ಬಂದ್ರೆ ಹೇಳಿ." ಅವನಿಗೂ ಬೇಜಾರಾಗಿತ್ತು. ನನಗಂತೂ ಮನೆಗೆ ಬಂದು ಅವ್ವನ ಮುಖ ನೋಡುವುದೇ ಕಷ್ಟವಾಯಿತು. ಅವಳು ಆಗಲೇ ಬಾಗಿಲ ಚೌಕಟ್ಟನ್ನು ಕೈಯಿಂದ ತಡವಿಕೊಂಡು ದಾಟುತ್ತಿದ್ದಳು.

ಒಂದು ಬೆಳಿಗ್ಗೆ ಅವ್ವ ಮೊರದಲ್ಲಿ ಅಕ್ಕಿ ಹರಡಿಕೊಂಡು ಬೆರಳಿನಿಂದಲೇ ಕಲ್ಲು ಆರಿಸುತ್ತಿದ್ದಳು. ಹಿಂದಿನ ದಿನ ಮೂಡಗಾಳಿ ಬೀಸಿ ನಮ್ಮ ಮನೆ ಹಿಟ್ಟಿನ ಗಿರಣಿಯ ಮಗ್ಗುಲಿಗೆ ಬಂದಿತ್ತು. ಗಿರಣಿಯ ಸದ್ದಿಗೆ ನನಗೆ ತಲೆ ಸಿಡಿಯುತ್ತಿತ್ತು, ಮಾಮನ ಮೇಲೂ ಸಿಟ್ಟು ಹತ್ತಿತ್ತು. "ಒಂದು ಚೀಟಿ ಅಂಟಿಸಿ ಸಾಯಬಾರದಿತ್ತಾ ನಿನ್ನ ತಮ್ಮ? ಇಡೀ ಡಿಸ್ಕು ಉಪ್ಪರಿಗೆ ಉಗ್ರಾಣ ಎಲ್ಲ ನೋಡಿದ ಹಾಗೆ ನೋಡಿದ್ವಿ" ಎಂದು ಗೊಣಗಿದೆ.

"ಆಟ ಇತ್ತಲ್ಲ, ಅದರ ಮಗ್ಗುಲಾಗೇ ನೋಡಿದ್ರಾ?"

"ಅಲ್ಲೇನಿರುತ್ತೆ ಅವ್ವ. ಇದ್ದದ್ದು ಮೂರೇ. ಆಟ, ಕನ್ನಡ ಅಕ್ಷರದ್ದು ಒಂದು, ಸಾಕು ಅಂತ ಒಂದು ಫೋಲ್ಡರು. ಸಾಕು ಅನ್ನೋದು ಆಟ ಮುಗಿಸೋದಕ್ಕೆ. ಶಾಂತರಾಜು ಅದನ್ನ ತಗೊಳ್ಳಲೇ ಇಲ್ಲ. ಆಟ ಶುರು ಮಾಡೋಕೆ ಒದ್ದಾಡ್ತಿದ್ದೀವಿ, ಮುಗಿಸೋದು ಯಾರಿಗೆ ಬೇಕು ಅಂದ."

ಅಕ್ಕಿಯ ಮೇಲೆ ಆಡುತ್ತಿದ್ದ ಅವ್ವನ ಬೆರಳು ನಿಂತಿತು. "ಸಾಕು ಅಂದ್ರೆ ಮುಗಿಸೋದು ಅಂತ ನಿಂಗ್ಯಾರೇ ಹೇಳಿದ್ದು?"

ನನ್ನ ಅವ್ವನ ಹೆಸರು ಸಾಕಮ್ಮ. ಸಾಲಾಗಿ ಮೂರು ಹೆಣ್ಣು ಹುಟ್ಟಿ ನಾಲ್ಕನೆಯದೂ ಹೆಣ್ಣೇ ಆದಾಗ, ಹೆಣ್ಣು ಸಾಕಪ್ಪಾ ದೇವರೇ ಎಂದು ನನ್ನ ತಾತ ಇಟ್ಟ ಹೆಸರು. ಹಾಗೆ ಹೆಸರಿಟ್ಟರೆ ಮುಂದಿನದು ಗಂಡಾಗುತ್ತದೆ ಎಂದು ನಂಬಿಕೆ. ನಂಬಿಕೆಯೇನೋ ಫಲಿಸಿತು, ದೊರೆಮಾಮ ಹುಟ್ಟಿದ. ಆದರೆ ಹೆಸರು ಹೊತ್ತವಳ ಪಾಡು? ಕರೆದಾಗಲೆಲ್ಲ ನೀನು ಹೆಚ್ಚಾದವಳು, ನೀನು ಬೇಡವಾಗಿದ್ದವಳು ಎಂದು ಕೇಳಿಸುತ್ತಿತ್ತಂತೆ. ಇದನ್ನು ಅವ್ವ ಯಾವತ್ತೂ ನನಗೆ ಬಾಯಿಬಿಟ್ಟು ಹೇಳಿರಲಿಲ್ಲ. ಅವತ್ತು ಮೊರವನ್ನು ಪಕ್ಕಕ್ಕಿಟ್ಟು ಹೇಳಿದಳು.

"ದೊರೆ ಅಂಬೆಗಾಲಿಡೋವಾಗ ನಮ್ಮವ್ವ ಹೋದ್ಲು. ಅಕ್ಕದೀರೆಲ್ಲ ಮದುವೆಯಾಗಿ ಹೋಗಿದ್ರು. ನಾನೇ ಅವನಿಗೆ ಉಣ್ಸಿ, ತಿಕ್ಕಿ ತೊಳ್ದು, ಸೊಂಟದ ಮೇಲೆ ಹೊತ್ಕಂಡು ತಿರುಗ್ದೋಳು. ಇಸ್ಕೂಲಿಗೆ ಸೇರಿದ್ ಮೇಲೆ ಒಂದಿನ ಓಡ್ಬಂದು ಹೇಳ್ದ. ಅಕ್ಕಾ, ನಿನ್ನೆಸ್ರು ಸಾಕು ಅಂದ್ರೆ ಇನ್ ಬ್ಯಾಡ ಅಂತಲ್ಲ. ಹಸ ಸಾಕು, ಕೋಳಿ ಸಾಕು ಅಂತಾರಲ್ಲ, ಆ ಸಾಕು. ನೀನು ನನ್ನ ಸಾಕ್ದೆಯಲ್ಲ, ಅದಕ್ಕೇ ಆ ಹೆಸರು. ಅವತ್ತಿಂದ ಅವನು ನನ್ನ ಅಕ್ಕ ಅನ್ನೋನು, ಇಲ್ಲಾಂದ್ರೆ ಸಾಕು ಅನ್ನೋನು. ಆ ಹುಡುಗನ ಬಾಯಲ್ಲಿ ಆ ಮಾತಿಗೆ ಇನ್ನೊಂದು ಅರ್ಥ ಇರ್ಲೇ ಇಲ್ಲ ಕಣೆ."

ನನಗೆ ಕೂತಲ್ಲೇ ಹೊಳೆಯಿತು. ನಾನು ಆಡಿ ಎದ್ದು ಓಡುವಾಗೆಲ್ಲ ಮಾಮ ಲಂಗ ಹಿಡಿದು ಎಳೆಯುತ್ತಿದ್ದ: "ಸಾಕು ಒತ್ತು, ಸಾಕು ಒತ್ತದೆ ಏಳಬೇಡ." ಯಂತ್ರ ಕೆಡುತ್ತದೆಂದು ಹಾಗೆ ಹೇಳುತ್ತಾನೆ ಅಂದುಕೊಂಡಿದ್ದೆ. ಅವನು ಹೇಳುತ್ತಿದ್ದದ್ದು ಇದನ್ನು ಕಾಪಾಡು, ಬಿಟ್ಟು ಹೋಗಬೇಡ ಎಂದು.

"ನಡಿ ಅವ್ವ" ಎಂದು ಲ್ಯಾಪ್‌ಟಾಪನ್ನು ಬಗಲಿಗೆ ಸಿಕ್ಕಿಸಿಕೊಂಡು ಚಪ್ಪಲಿ ಹುಡುಕಿದೆ. ಬಿಟ್ಟಲ್ಲೇ ಇತ್ತು.

ಗಾಳಿ ಬೀಸಿದ್ದರಿಂದ ಶಾಂತರಾಜುವಿನ ಅಂಗಡಿ ಎಲ್ಲಿ ಹೋಗಿತ್ತೋ ಯಾರಿಗೆ ಗೊತ್ತು. ಅವ್ವನ ಕೈ ಹಿಡಿದುಕೊಂಡು ಊರೆಲ್ಲ ಅಲೆದೆ. ಕೊನೆಗೆ ನಾಗಲಕ್ಷ್ಮಿ ಎದುರಾದಳು. ಹೂವಿನ ಬುಟ್ಟಿ ಹೊತ್ತವಳಿಗೆ, ನಿನ್ನ ದಮ್ಮಯ್ಯ, ಇವತ್ತೊಂದು ದಿನ ಶಾಂತರಾಜುವನ್ನೂ ಸೇರಿಸಿ ಕೂಗು ಎಂದೆ. "ಅವ್ನಿಗ್ಯಾವ ಹೂವು ಮುಡಿಸ್ತೀರಿ" ಎಂದು ನಗುತ್ತಲೇ ಕೂಗಿದಳು. ಕುಂಬಾರರ ಆವಿಗೆಯ ಹಿಂದಿನಿಂದ ಅವನು ಓಗೊಟ್ಟ.

ವಿಷಯ ಕೇಳಿ ಶಾಂತರಾಜು ತಲೆ ಕೆರೆದುಕೊಂಡ. "ಆಟದ ಪಕ್ಕದಲ್ಲೇ? ಇಟ್ಟಲ್ಲೇ ಇರ್ತದಾ ಅಕ್ಕಾ ಯಾವುದಾದ್ರೂ?"

"ಒಂದ್ಸಲ ಬೆಪ್ಪಾಗೋಣ ಕಣಪ್ಪ" ಎಂದಳು ಅವ್ವ.

ವೈರು ಚುಚ್ಚಿದ. ಡಿಸ್ಕು ಕಟಕಟ ಎಂದು ನಿಂತುಹೋಯಿತು. ಅವನು ಅದನ್ನು ತೆಗೆದು ಅಂಗೈಯಲ್ಲಿ ಬೆಚ್ಚಗೆ ಹಿಡಿದುಕೊಂಡು, ಮತ್ತೆ ಚುಚ್ಚಿದ. ಈ ಸಲ ಒಂದು ನಿಟ್ಟುಸಿರಿನಂತೆ ಸದ್ದು ಮಾಡಿ ತಿರುಗತೊಡಗಿತು. ಸಾಕು ಎಂಬ ಫೋಲ್ಡರ್ ತೆರೆದ. ಒಳಗೆ ಸಾಲುಸಾಲು, ನಾನು ಆಡುವುದನ್ನು ಬಿಟ್ಟು ಎಷ್ಟೋ ವರ್ಷವಾದ ಮೇಲೂ ಉಳಿಸಿಟ್ಟ ಆಟಗಳು, ಗಾಳಿಗೊಂದರ ಹಾಗೆ. ನಾನು ದೊಡ್ಡವಳಾಗಿ ಅತ್ತ ತಲೆಹಾಕದಿದ್ದಾಗಲೂ ಮಾಮ ಒಬ್ಬನೇ ಕೂತು ಆಡುತ್ತಿದ್ದ. ಎಲ್ಲವೂ ನನ್ನ ಲ್ಯಾಪ್‌ಟಾಪಿಗೆ ಇಳಿದು ಮುಗಿಯುವ ಹೊತ್ತಿಗೆ ಡಿಸ್ಕಿನ ಸದ್ದು ಅಡಗಿತು. ಅದು ಮತ್ತೆ ಏಳಲಿಲ್ಲ.

'ಹಿಂದಿನ ಆಟ' ಒತ್ತಿದೆ. ಮಾಮ ಆಸ್ಪತ್ರೆ ಸೇರುವ ಮುನ್ನ ಕೊನೆಯದಾಗಿ ಆಡಿದ ಆಟ ತೆರೆಯಿತು. ಬೀದಿ ತುಂಬಿತು. ನಮ್ಮ ಮನೆ, ಅದರ ನೇರ ಎದುರಿಗೆ ಅರಿಸಿನ ಬಣ್ಣದ ಬಾಗಿಲು, ಎರಡು ಕಂಬದ ಜಗಲಿ, ಎಡಗಡೆಯ ಕಂಬಕ್ಕೆ ಉದ್ದನೆಯ ಬಿರುಕು.

ಅವ್ವ ಪರದೆಗೆ ಮುಖ ಹತ್ತಿಸಿ, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ, ಆಮೇಲೆ ಅದನ್ನು ಮುಚ್ಚಿ ಇದರಿಂದ ನೋಡಿದಳು. "ಬಿರುಕು ಬರ್ದವ್ನೆ" ಎಂದಳು. "ಅದರಾಗೆ ನಾನು ಕಾಸು ತುರುಕಿಡ್ತಿದ್ದೆ." ಸ್ವಲ್ಪ ಹೊತ್ತಿಗೆ ಅವಳ ದನಿ ಬದಲಾಯಿತು. "ಮಾಲಾ, ಇದು ನಮ್ಮನೆ ಎದುರುಗೇನೇ?"

"ಹೌದವ್ವ. ಎದುರಿಗೇ."

ಇದು ಯಾವತ್ತೂ ಆದದ್ದಲ್ಲ. ಅವ್ವ ಮದುವೆಯಾಗಿ ಬಂದಾಗಿನಿಂದ ಎಷ್ಟು ಗಾಳಿ ಬೀಸಿದವು, ಊರಿನ ಯಾರ್ಯಾರದೋ ಮನೆ ಬಂದು ನಮ್ಮ ಎದುರಿಗೆ ನಿಂತು ಹೋಯಿತು. ತವರುಮನೆ ಮಾತ್ರ ಒಂದು ಸಲವೂ ಬರಲಿಲ್ಲ. ಅದು ಕೆರೆಯಾಚೆ ಇದ್ದರೆ ನಾವು ಈಚೆ, ಅದು ಈಚೆ ಬಂದರೆ ನಾವು ಆಚೆ. ಪ್ರತಿ ಗಾಳಿಯ ಮರುದಿನ ಅವ್ವ ಎಲ್ಲರಿಗಿಂತ ಮೊದಲೆದ್ದು ಬಾಗಿಲು ತೆಗೆದು ನೋಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನೀರು ಹಾಕುವುದಕ್ಕೆ ಏಳುತ್ತಾಳೆ ಎಂದು ತಿಳಿದಿದ್ದೆ. ಊರಿನ ಆಚೆ ತುದಿಯ ಇನ್ನೊಂದು ಬಾಗಿಲಲ್ಲಿ ನಿಂತು ಅವಳ ತಮ್ಮನೂ ಹಾಗೆಯೇ ನೋಡುತ್ತಿದ್ದನೆಂದು ನನಗಾಗಲಿ ಅವ್ವನಿಗಾಗಲಿ ಗೊತ್ತಿರಲಿಲ್ಲ. ಗಾಳಿ ಕೊಡದಿದ್ದನ್ನು ಅವನು ಕೊನೆಗೆ ತಾನೇ ಕೂರಿಸಿಕೊಂಡಿದ್ದ.

ಶಾಂತರಾಜು ಏನೋ ನೆಪ ಹೇಳಿ ಟೀ ತರಲು ಎದ್ದುಹೋದ. ಪರದೆಯ ಮೇಲೆ ನಮ್ಮ ಮನೆಯ ಮುಂದೆ ಎರಡು ಜಡೆಯ ಹುಡುಗಿ ಇರಲಿಲ್ಲ. ತುರುಬು ಕಟ್ಟಿ ಸೆರಗು ಸಿಕ್ಕಿಸಿದ ಒಬ್ಬ ಹೆಂಗಸು ನಿಂತಿದ್ದಳು. ಅವಳನ್ನು ಮೆಲ್ಲಗೆ ಬೀದಿ ದಾಟಿಸಿದೆ. ನಾಲ್ಕು ಹೆಜ್ಜೆಯ ದಾರಿ.

"ಬಾಗ್ಲು ತಟ್ಟು" ಎಂದಳು ಅವ್ವ.

ತಟ್ಟಿದೆ. ಅರಿಸಿನದ ಬಾಗಿಲು ತೆರೆದು ಲುಂಗಿ, ದಪ್ಪ ಕನ್ನಡಕದ ದೊರೆಮಾಮ ಜಗಲಿಗೆ ಬಂದ. ಅವನ ತಲೆಯ ಮೇಲೆ ಗುಂಡುಗುಂಡಾಗಿ ಅಕ್ಷರ ಮೂಡಿದವು. ಅಷ್ಟು ಸಣ್ಣದು ಅವ್ವನಿಗೆ ಕಾಣಿಸಲಿಲ್ಲ, "ಏನಂತಾನೆ?" ಎಂದಳು. ನಾನು ಓದಿದೆ.

"ಒಗ್ಗರಣೆ ವಾಸನೆ ನಮ್ಮನೆ ಗಂಟ ಬಂತು. ಏನ್ ಸಾರಕ್ಕಾ ಇವತ್ತು?"

ಅವ್ವ ಪರದೆಗೆ ಇನ್ನಷ್ಟು ಹತ್ತಿರ ಸರಿದು, ಎದುರುಮನೆಯವರಿಗೆ ಕೇಳಿಸುವಷ್ಟೇ ದನಿಯಲ್ಲಿ ಹೇಳಿದಳು:

"ಬಸ್ಸಾರು ಕಣೋ. ಬಟ್ಲು ತಗಂಡ್ ಬಾ."